ಮೇಕೆಗೆ ಮತ್ತಿನ ಸೂಜಿ: ಮೊದಲು ತಕ್ಕಡಿ, ಆಮೇಲೆ ಸಿರಿಂಜ್

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ ಮೇಕೆ ಸಾಕುವ ಬಗ್ಗೆ ಬಂದ ಲೇಖನ ಓದಿದೆ. ಮೇವಿನ ಲೆಕ್ಕ, ಅಟ್ಟಣಿಗೆಯ ಅಳತೆ, ಲಸಿಕೆ ಹಾಕಿಸುವ ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ನಡುವೆ ಬಂದ ಒಂದು ಸಲಹೆ ಮಾತ್ರ ಗಂಟಲಲ್ಲೇ ನಿಂತಿತು. ಮರಿಗಳಿಗೆ ಮತ್ತಿನ ಇಂಜೆಕ್ಷನ್ ಕೊಟ್ಟು ಕೊಂಬು ಸುಡಿಸಬೇಕು, ಬೀಜ ಒಡೆಸಬೇಕು ಎಂದು ಬರೆದಿದ್ದಾರೆ. ಯಾವ ಇಂಜೆಕ್ಷನ್, ಎಷ್ಟು, ಯಾರು ಕೊಡಬೇಕು, ಕೊಡುವ ಮುಂಚೆ ಏನು ನೋಡಿಕೊಳ್ಳಬೇಕು ಎಂಬ ಸುದ್ದಿಯೇ ಇಲ್ಲ. ಅಡುಗೆ ಪುಟದಲ್ಲಿ ಉಪ್ಪು ರುಚಿಗೆ ತಕ್ಕಷ್ಟು ಎಂದು ಬರೆದರೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ಅಂಕಿಗಳಿಗೆ ಮಾತ್ರ ಕತ್ತರಿ ಹಾಕಬೇಡಿ.

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಲಾಖೆಯಲ್ಲಿ ಶಿರಾ, ಪಾವಗಡ, ಮಧುಗಿರಿ ಕಡೆ ದುಡಿದು ನಿವೃತ್ತನಾದವನು. ಈ ಸೀಮೆಯಲ್ಲಿ ಪಶುವೈದ್ಯ ಎಂದರೆ ಹೆಚ್ಚುಕಡಿಮೆ ಕುರಿ ಮೇಕೆ ಡಾಕ್ಟರೇ. ಬೆಳಿಗ್ಗೆ ಆಸ್ಪತ್ರೆ ಬಾಗಿಲು ತೆಗೆಯುವ ಹೊತ್ತಿಗೆ ಹೊಂಗೆ ಮರದಡಿ ಕುರಿ ಮಂದೆಯೇ ನಿಂತಿರುತ್ತಿತ್ತು. ಒಳಗೆ ಬಂದ ಹಸುಗಳಿಗಿಂತ ಹೊರಗೇ ನಿಂತು ನೋಡಿದ ಕುರಿ ಮೇಕೆಗಳೇ ಜಾಸ್ತಿ.

ಪತ್ರಿಕೆಯೊಂದು ಮೇಕೆಯ ನೋವಿನ ಬಗ್ಗೆ ಯೋಚಿಸಿತಲ್ಲ, ಅದಕ್ಕೆ ಮೊದಲು ಸಂತೋಷ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಕೊರಡಿನ ಮೇಲಿಟ್ಟು ಬಡಿದು ಬೀಜ ಒಡೆಯುವವರು ಇನ್ನೂ ಇದ್ದರು. ಆಮೇಲೆ ಬರ್ಡಿಜೊ ಇಕ್ಕಳ ಎಲ್ಲ ಕಡೆ ಬಂತು. ಚರ್ಮ ಕೊಯ್ಯದೆ ಒಳಗಿನ ಬೀಜದ ನಾಳವನ್ನಷ್ಟೇ ಅದುಮುವ ಸಾಧನ ಅದು. ರಕ್ತ ಬರುವುದಿಲ್ಲ, ಗಾಯಕ್ಕೆ ಹುಳ ಬೀಳುವುದಿಲ್ಲ. ರಕ್ತ ಕಾಣದಿದ್ದರೆ ನೋವೂ ಇಲ್ಲ ಎಂದುಕೊಳ್ಳುವುದು ನಮ್ಮ ಜನರ ರೂಢಿ, ನಮ್ಮ ಇಲಾಖೆಯ ರೂಢಿಯೂ ಅದೇ ಆಗಿತ್ತು. ಇಕ್ಕಳ ಒತ್ತಿದ ಮೇಲೆ ಆ ಮರಿಯನ್ನು ಅರ್ಧ ಗಂಟೆ ಕೂತು ನೋಡಿದವರಿಗೆ ಗೊತ್ತು. ಮಲಗುತ್ತದೆ, ಏಳುತ್ತದೆ, ಹಿಂಗಾಲು ಝಾಡಿಸುತ್ತದೆ, ತಾಯಿ ಕರೆದರೂ ಮೊಲೆಗೆ ಹೋಗುವುದಿಲ್ಲ. ಮೇಕೆಮರಿಯಾದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ. ಕುರಿಮರಿ ಸುಮ್ಮನೆ ಹಲ್ಲು ಕಡಿಯುತ್ತ ಮೂಲೆಯಲ್ಲಿ ನಿಲ್ಲುತ್ತದೆ. 'ಕುರಿಗೆ ನೋವು ಕಮ್ಮಿ ಸಾ, ಮೇಕೆಗೇ ಜಾಸ್ತಿ' ಎಂದು ಕುರಿಗಾಹಿಗಳು ಹೇಳುವುದು ಇದನ್ನು ನೋಡಿಯೇ. ಬೇಟೆಯಾಡುವ ಪ್ರಾಣಿಯ ಕಣ್ಣಿಗೆ ಬೀಳಬಾರದೆಂದು ಕುರಿ ನೋವು ನುಂಗುತ್ತದೆ, ಅಷ್ಟೇ.

ಕಾನೂನಿನ ಮಾತು ಒಂದಿಷ್ಟು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಬೀಜ ಒಡೆಯುವುದು, ಕೊಂಬು ತೆಗೆಯುವುದು, ಮೂಗುದಾರ ಹಾಕುವುದು 'ನಿಗದಿಪಡಿಸಿದ ರೀತಿಯಲ್ಲಿ' ನಡೆದರೆ ಅದು ಹಿಂಸೆಯಲ್ಲ ಎಂದು ವಿನಾಯಿತಿ ಇತ್ತು. ಆ ನಿಗದಿಪಡಿಸಿದ ರೀತಿ ಯಾವುದು ಎಂದು ಹೇಳುವುದಕ್ಕೆ ಅರವತ್ತು ವರ್ಷ ದಾಟಬೇಕಾಯಿತು. 2023ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಇಂಥ ಕೆಲಸ ನೋಂದಾಯಿತ ಪಶುವೈದ್ಯರ ಕೈಯಲ್ಲಿ ಅಥವಾ ಅವರ ಕಣ್ಣೆದುರಿಗೆ, ಅರಿವಳಿಕೆ ಕೊಟ್ಟೇ ಆಗಬೇಕು. ಒಳ್ಳೆಯ ನಿಯಮ. ಆದರೆ ಒಬ್ಬ ಡಾಕ್ಟರು ಎರಡು ಮೂರು ಆಸ್ಪತ್ರೆಗಳ ಪ್ರಭಾರ ಹೊತ್ತು ಬೈಕಿನಲ್ಲಿ ಓಡಾಡುವ ತಾಲ್ಲೂಕಿನಲ್ಲಿ ನಿಯಮದ ಕಾಗದ ಫೈಲಿನಲ್ಲಿ ಉಳಿಯುತ್ತದೆ. ಮತ್ತಿನ ಸೀಸೆ ಮಾತ್ರ ಹೇಗೋ ಊರಿಗೆ ಬಂದುಬಿಡುತ್ತದೆ. ನನ್ನ ಹೆದರಿಕೆ ಇರುವುದು ಅಲ್ಲಿ.

ಊರಿಗೆ ಬರುವ ಆ ಸೀಸೆ ಬಹುಪಾಲು ಜೈಲಜಿನ್. 1962ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಮನುಷ್ಯರ ರಕ್ತದೊತ್ತಡ ಇಳಿಸುವುದಕ್ಕೆಂದು ನೋಡಿದ ಔಷಧಿ ಅದು. ಒತ್ತಡವನ್ನು ಮಿತಿಮೀರಿ ಇಳಿಸಿ, ಜನರನ್ನು ಮಂಪರಿಗೆ ತಳ್ಳಿದ್ದರಿಂದ ಮನುಷ್ಯರಿಗೆ ಬೇಡವೆಂದಾಗಿ ಪಶುಗಳ ಪಾಲಿಗೆ ಬಂತು. ಅದೇ 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಯಲ್ಲಿ ಕೆಟಮಿನ್ ಎಂಬ ಅರಿವಳಿಕೆ ಔಷಧಿ ಹುಟ್ಟಿತು. ಮನೆಬಾಗಿಲಿಗೇ ಬರುವ ನಮ್ಮ ಪಶು ಸಂಜೀವಿನಿ ಚಿಕಿತ್ಸಾ ಗಾಡಿಯನ್ನು ಕರೆಯುವ ನಂಬರೂ 1962. ಮೂರಕ್ಕೂ ಸಂಬಂಧವಿಲ್ಲ, ಆದರೂ ಹೊಸ ಹುಡುಗರಿಗೆ ಪಾಠ ಹೇಳುವಾಗ ನಾನು ಇದನ್ನು ಹೇಳುತ್ತಿದ್ದೆ. ಮೂರೂ ಒಟ್ಟಿಗೆ ನೆನಪಿರಲಿ, ಮೊದಲೆರಡನ್ನು ಮುಟ್ಟುವ ಮುಂಚೆ ಮೂರನೆಯದು ನೆನಪಾಗಲಿ ಎಂದು.

ಜೈಲಜಿನ್ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಸಂಗತಿ ಇದೆ. ಕುದುರೆಗೆ ಬೇಕಾದ ಪ್ರಮಾಣದ ಹತ್ತನೇ ಒಂದು ಭಾಗ ಸಾಕು ಹಸುವಿಗೆ. 400 ಕೆ.ಜಿ. ತೂಕದ ಕುದುರೆಗೆ 20 ಮಿ.ಗ್ರಾಂ. ಶಕ್ತಿಯ, ಅಂದರೆ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಔಷಧಿ ಇರುವ ದ್ರಾವಣ ಇಪ್ಪತ್ತು ಮಿ.ಲೀ. ದಾಟಿ ಬೇಕಾಗುತ್ತದೆ. ಅಷ್ಟೇ ತೂಕದ ಹಸುವಿಗೆ ಎರಡು ಮಿ.ಲೀ. ಸಾಕು. ಮೇಕೆ ಇನ್ನೂ ಸೂಕ್ಷ್ಮ. ಅದಕ್ಕೆ ಮಾಂಸಖಂಡಕ್ಕೆ ಕೊಡುವಾಗ ಕೆ.ಜಿ.ಗೆ 0.1 ಮಿ.ಗ್ರಾಂ., ರಕ್ತನಾಳಕ್ಕಾದರೆ ಅದರರ್ಧ. ಈಗ ಲೆಕ್ಕ ಹಾಕಿ. 20 ಕೆ.ಜಿ. ಮೇಕೆಗೆ ಎರಡು ಮಿ.ಗ್ರಾಂ. ಆ ಸೀಸೆಯಿಂದ ಎಳೆಯಬೇಕಾದದ್ದು 0.1 ಮಿ.ಲೀ. ಒಂದು ಮಿ.ಲೀ.ನ ಹತ್ತನೇ ಒಂದು ಪಾಲು! ಐದು ಮಿ.ಲೀ. ಸಿರಿಂಜಿನಲ್ಲಿ ಇದನ್ನು ಅಳೆಯಲಿಕ್ಕೇ ಆಗುವುದಿಲ್ಲ. ಸೂಜಿಯ ಬುಡದಲ್ಲಿ ಉಳಿಯುವ ಹನಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಸಕ್ಕರೆ ಕಾಯಿಲೆಯವರು ಬಳಸುವ ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜಿನಲ್ಲಾದರೆ ಅದು ನಾಲ್ಕನೇ ಗೀಟು. ಇಲ್ಲವೇ ಒಂದು ಮಿ.ಲೀ.ಗೆ ಒಂಬತ್ತು ಮಿ.ಲೀ. ಸಲೈನ್ ಬೆರೆಸಿಕೊಂಡು ಅದರಲ್ಲಿ ಒಂದು ಮಿ.ಲೀ. ಕೊಡಬೇಕು. ಸರಿಯಾಗಿ ಕಲಿತವರು ಮಾಡುವುದು ಹಾಗೆಯೇ.

ಇನ್ನೊಂದು ಉರುಳು ಇದೆ. ಇದೇ ಔಷಧಿ 100 ಮಿ.ಗ್ರಾಂ. ಶಕ್ತಿಯಲ್ಲೂ ಬರುತ್ತದೆ, ಅದು ಕುದುರೆಗೆಂದು ಮಾಡಿದ್ದು. ಸೀಸೆ ಅಷ್ಟೇ ಗಾತ್ರ, ದ್ರವವೂ ನೀರಿನ ಹಾಗೆಯೇ. ಲೇಬಲ್ಲಿನಲ್ಲಿ 20, 100ರ ವ್ಯತ್ಯಾಸ ಕಣ್ಣು ತಪ್ಪಿದರೆ ಮೇಕೆಗೆ ಒಂದೇ ಗುಟುಕಿಗೆ ಐದು ಪಟ್ಟು ಹೋಯಿತು. ಎದೆಬಡಿತ ಇಳಿಯುತ್ತದೆ, ಉಸಿರು ಮೇಲುಮೇಲಾಗುತ್ತದೆ. ಕುರಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮೂಗಿನಲ್ಲಿ ನೊರೆ ಬರುತ್ತದೆ.

ಈ ಪ್ರಮಾಣಗಳನ್ನು ಪತ್ರಿಕೆಯಲ್ಲಿ ಬರೆಯಬಹುದೇ, ಓದಿದವರು ತಾವೇ ಸೂಜಿ ಹಿಡಿದರೆ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಬರೆಯಲೇಬೇಕು ಎನ್ನುವುದು ನನ್ನ ವಾದ. ಈಗಾಗಲೇ ಸೂಜಿ ಹಿಡಿದವರು ಬಹಳ ಜನ ಇದ್ದಾರೆ. ಅವರಿಗೆ ಗೊತ್ತಿಲ್ಲದಿರುವುದು ಪ್ರಮಾಣ ಎಷ್ಟು ಚಿಕ್ಕದು ಎನ್ನುವುದೇ. ಹತ್ತನೇ ಒಂದು ಮಿ.ಲೀ. ಎಂದು ಕಂಡರೆ ಯಾರಿಗಾದರೂ ಇದು ತನ್ನ ಕೈಕೆಲಸವಲ್ಲ ಎನ್ನಿಸುತ್ತದೆ. ಅಂಕಿ ಮುಚ್ಚಿಟ್ಟರೆ 'ಒಂದೆರಡು ಸಿ.ಸಿ. ಹೊಡೀರಿ' (ಸಿ.ಸಿ. ಎಂದರೆ ಮಿ.ಲೀ.ಯೇ) ಎಂಬ ಬಾಯಿಮಾತೇ ಪುಸ್ತಕವಾಗುತ್ತದೆ.

ಆ ಬಾಯಿಮಾತಿನ ಫಲ ನನಗೆ ಫೋನಿನಲ್ಲಿ ಬಂದದ್ದುಂಟು. ಸಾಲ ತೆಗೆದು ಅಟ್ಟಣಿಗೆ ಕೊಟ್ಟಿಗೆ ಕಟ್ಟಿದ ಹುಡುಗ, ಓದಿದವನು. ಊರೂರು ತಿರುಗಿ ಇಂಜೆಕ್ಷನ್ ಹಾಕುವ ಯಾರೋ ಒಬ್ಬರನ್ನು ಕರೆಸಿ ಎರಡು ಹೋತಗಳ ಬೀಜ ಒಡೆಸಿದ್ದಾನೆ. ನೋವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಮತ್ತು ಕೊಡಿಸಿದ್ದಾನೆ.

'ಸಾರ್, ಹೋತ ಮಲಗಿದ್ದು ಏಳ್ತಾನೇ ಇಲ್ಲ. ಹೊಟ್ಟೆ ತಮಟೆ ಥರ ಆಗ್ಬಿಟ್ಟಿದೆ.'

'ಯಾವ ಮಗ್ಗುಲಾಗಿ ಮಲಗಿದೆ?'

'ಎಡಗಡೆ ಕೆಳಗೆ ಮಾಡ್ಕೊಂಡು, ಕಾಲು ಚಾಚಿ.'

'ಬೆಳಿಗ್ಗೆ ಏನ್ ಹಾಕಿದ್ದೆ?'

'ಕಡಲೆಕಾಯಿ ಬಳ್ಳಿ ಸಾರ್, ಆಮೇಲೆ ಒಂದಿಷ್ಟು ಜೋಳದ ನುಚ್ಚು. ಸುಸ್ತಾಗಬಾರದಲ್ಲ ಅಂತ.'

ಎದೆ ನೆಲಕ್ಕೆ ತಾಗುವಂತೆ ಕೂರಿಸು, ಎರಡು ಪಕ್ಕಕ್ಕೂ ಮೇವಿನ ಚೀಲ ಒತ್ತು ಕೊಡು, ಕುತ್ತಿಗೆ ಕೆಳಗೊಂದು ಗೋಣಿ ಮಡಿಸಿಟ್ಟು ಮೂತಿ ಕೆಳಗಿಳಿಯುವ ಹಾಗೆ ಬಿಡು, ಜೊಲ್ಲು ಹೊರಗೆ ಸುರಿಯಲಿ, ಬಾಯಿಗೆ ಏನನ್ನೂ ಹುಯ್ಯಬೇಡ ಎಂದೆ. ಎಣ್ಣೆ ಕುಡಿಸಲಾ ಎಂದು ಪಕ್ಕದಲ್ಲಿ ಯಾರೋ ಕೇಳುತ್ತಿದ್ದದ್ದು ನನಗೂ ಕೇಳಿಸಿತು. ಬೇಡವೇ ಬೇಡ ಎಂದು ಕೂಗಿದೆ. ನುಂಗುವ ಶಕ್ತಿ ಇಲ್ಲದ ಪ್ರಾಣಿಗೆ ಎಣ್ಣೆ ಹುಯ್ದರೆ ಅದು ನೇರ ಶ್ವಾಸಕೋಶಕ್ಕೆ. ಹತ್ತಿರದ ಡಾಕ್ಟರು ಬಂದು ಕೊಳವೆ ಇಳಿಸಿ ಗಾಳಿ ಬಿಡಿಸಿದರು. ಒಂದು ಹೋತ ಸಂಜೆಗೆ ಎದ್ದು ನಿಂತಿತು. ಇನ್ನೊಂದು ಅವರು ಬರುವ ಮುಂಚೆಯೇ ಹೋಗಿತ್ತು. ಎಷ್ಟು ತೂಕಕ್ಕೆ ಎಷ್ಟು ಕೊಟ್ಟರು ಎಂದು ಕೇಳಿದರೆ, 'ಮೂವತ್ತೈದು ಕೆ.ಜಿ. ಬರುತ್ತೆ ಅಂತ ಅಂದಾಜು ಮಾಡಿ ಕೊಟ್ರು ಸಾರ್'. ಉಳಿದ ಹೋತವನ್ನು ಆಮೇಲೆ ತೂಗಿಸಿದೆ. ಇಪ್ಪತ್ತಾರೂ ಇರಲಿಲ್ಲ.

ನಮ್ಮ ಕಡೆ ಸಂತೆಯಲ್ಲಿ ಹೋತದ ಬೆನ್ನು ಹಿಡಿದು ನೋಡಿ ಇಷ್ಟು ಕೆ.ಜಿ. ಮಾಂಸ ಬೀಳುತ್ತದೆ ಎಂದು ಹೇಳುವ ಗಟ್ಟಿಗರಿದ್ದಾರೆ, ಅವರ ಮಾತು ಅಷ್ಟಾಗಿ ತಪ್ಪುವುದೂ ಇಲ್ಲ. ಅದು ಬೇರೆ ವಿದ್ಯೆ. ವ್ಯಾಪಾರದಲ್ಲಿ ಐದು ಕೆ.ಜಿ. ಹೆಚ್ಚು ಕಂಡರೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಸಿರಿಂಜಿನಲ್ಲಿ ಹಾಗೆ ಕಂಡರೆ ಮೇಕೆಗೆ ನಷ್ಟ. ಅದೂ ಉಣ್ಣೆ ಬೆಳೆದ ಕುರಿ, ತುಂಬಿದ ಹೊಟ್ಟೆಯ ಮೇಕೆ, ಗಬ್ಬದ ಮೇಕೆ ಇವುಗಳನ್ನು ಕಣ್ಣಳತೆಯಲ್ಲಿ ತೂಗುವವರು ಯಾವಾಗಲೂ ಮೇಲಕ್ಕೇ ತಪ್ಪುತ್ತಾರೆ.

ತಕ್ಕಡಿ ಇಲ್ಲದಿದ್ದರೆ ಟೈಲರ್ ಟೇಪಾದರೂ ಇರಲಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಚಪ್ಪೆಯ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ಸಿಗುತ್ತದೆ. ಸುತ್ತಳತೆ 26, ಉದ್ದ 25 ಇಂಚಾದರೆ ಹೆಚ್ಚುಕಡಿಮೆ ಇಪ್ಪತ್ತೈದೂವರೆ ಕೆ.ಜಿ. ಮೊಬೈಲಿನಲ್ಲೇ ಲೆಕ್ಕವಾಗುತ್ತದೆ. ಮರಿಗಳಿಗೆ ಅದೂ ಬೇಡ. ನಮ್ಮ ಕಡೆ ಹುಣಸೆಹಣ್ಣು ತೂಗುವ ಕೊಕ್ಕೆ ತಕ್ಕಡಿ ಯಾವ ಮನೆಯಲ್ಲಿಲ್ಲ? ಗೊಬ್ಬರದ ಚೀಲಕ್ಕೆ ನಾಲ್ಕು ತೂತು ಮಾಡಿ ಕಾಲು ಇಳಿಬಿಟ್ಟು ತೂಗುಹಾಕಿದರೆ ಮರಿ ಒದ್ದಾಡದೆ ನೇತಾಡಿಕೊಂಡಿರುತ್ತದೆ.

ಆ ಹುಡುಗ ಸುಸ್ತಾಗಬಾರದೆಂದು ನುಚ್ಚು ತಿನ್ನಿಸಿದ್ದನಲ್ಲ, ಅದರ ಬಗ್ಗೆ ಒಂದು ಮಾತು. ದೊಡ್ಡ ಮೇಕೆಯ ಹೊಟ್ಟೆಯ ಮೊದಲ ಚೀಲದಲ್ಲಿ ಹತ್ತು ಲೀಟರಿಗೂ ಮೀರಿ ಮೇವು ಹುದುಗುತ್ತ ಇರುತ್ತದೆ. ಗಾಳಿ ಹುಟ್ಟುತ್ತಲೇ ಇರುತ್ತದೆ, ಮೇಕೆ ತೇಗುತ್ತಲೇ ಇರುತ್ತದೆ. ಮತ್ತೇರಿದ ಕೂಡಲೇ ತೇಗು ನಿಂತಿತು, ಗಾಳಿ ನಿಲ್ಲಲಿಲ್ಲ. ಮೇಲಾಗಿ ಮೆಲುಕು ಹಾಕುವ ಪ್ರಾಣಿಯ ಜೊಲ್ಲು ಅಷ್ಟಿಷ್ಟಲ್ಲ, ದೊಡ್ಡ ಹಸುವಿನಲ್ಲಿ ದಿನಕ್ಕೆ 100 ಲೀಟರ್ ದಾಟುತ್ತದೆ. ಮಂಪರಿನಲ್ಲಿ ಅದನ್ನು ನುಂಗುವವರಾರು? ಆದ್ದರಿಂದಲೇ ದೊಡ್ಡ ಮೇಕೆಗೆ ಹಿಂದಿನ ದಿನದಿಂದ ಮೇವು ನಿಲ್ಲಿಸಿ, ರಾತ್ರಿಯಿಂದ ನೀರೂ ನಿಲ್ಲಿಸಬೇಕು. ಹಾಲು ಕುಡಿಯುವ ಎಳೆಮರಿಗೆ ಇದು ಉಲ್ಟಾ. ಅದನ್ನು ಹಾಗೆ ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಇಳಿದು, ಮೈ ತಣ್ಣಗಾಗಿ ಮತ್ತಿನಿಂದ ಮೇಲೇಳುವುದೇ ಇಲ್ಲ. ಮನೆಯ ಅಜ್ಜಿಯಂದಿರು 'ಪಾಪ, ಹಸ್ಕೊಂಡಿದೆ' ಎಂದು ಕದ್ದು ಒಂದು ಹಿಡಿ ಸೊಪ್ಪು ಹಾಕುತ್ತಾರೆ. ಆಪರೇಷನ್ ದಿನ ನಾನು ಮೊದಲು ಕೇಳುತ್ತಿದ್ದದ್ದು ಮನೆಯ ಯಜಮಾನನನ್ನಲ್ಲ, ಅಜ್ಜಿಯನ್ನು.

ಜೈಲಜಿನ್‌ಗೇ ಸೇರಿದ ಇನ್ನೆರಡು ಎಚ್ಚರಿಕೆ. ಒಂದು, ತುಂಬು ಗಬ್ಬದ ಹಸುವಿಗೆ ಕೊಟ್ಟರೆ ಗರ್ಭಕೋಶ ಬಿಗಿಯುತ್ತದೆ, ಕಂದು ಹಾಕುವ ಭಯ ಉಂಟು. ಎರಡನೆಯದು ಹೋತಗಳ ವಿಷಯ. ಚಿಕ್ಕಂದಿನಲ್ಲೇ ಬೀಜ ಒಡೆಸಿ, ಹಬ್ಬಕ್ಕೆಂದು ಹಿಂಡಿ ನುಚ್ಚು ತಿನ್ನಿಸಿ ಕೊಬ್ಬಿಸಿದ ಹೋತಗಳಿಗೆ ಮೂತ್ರದ ನಾಳದಲ್ಲಿ ಕಲ್ಲು ಸಿಕ್ಕಿಕೊಳ್ಳುವುದು ಸಾಮಾನ್ಯ. ಒದ್ದಾಡುತ್ತದೆಯಲ್ಲ ಎಂದು ಇದೇ ಸೂಜಿ ಕೊಟ್ಟರೆ ಕೆಲಸ ಕೆಟ್ಟಂತೆಯೇ. ಜೈಲಜಿನ್ ರಕ್ತದ ಸಕ್ಕರೆ ಏರಿಸಿ ಮೂತ್ರ ಹೆಚ್ಚಿಸುತ್ತದೆ. ಹೊರದಾರಿ ಮುಚ್ಚಿರುವ ಚೀಲಕ್ಕೆ ಒಳಗಿನಿಂದ ಇನ್ನಷ್ಟು ನೀರು! ಮೂತ್ರಕೋಶ ಒಡೆದ ಮೇಲೆ ಆ ಹೋತ ಬಕ್ರೀದಿಗೂ ಇಲ್ಲ, ಮಾರಿಹಬ್ಬಕ್ಕೂ ಇಲ್ಲ.

ಇಷ್ಟೆಲ್ಲ ಹೆದರಿಸಿದ ಮೇಲೆ ನನ್ನ ನಿಜವಾದ ಅಭಿಪ್ರಾಯ ಹೇಳುತ್ತೇನೆ. ನಮ್ಮ ಜಾನುವಾರುಗಳ ಬಹುಪಾಲು ಕೆಲಸಕ್ಕೆ ಪ್ರಾಣಿಯನ್ನು ಮಂಪರಿಗೆ ಕೆಡವುವ ಅಗತ್ಯವೇ ಇಲ್ಲ. ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕು. ಅದಕ್ಕೆ ಲಿಗ್ನೋಕೇನ್ ಇದೆ. ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ಈವತ್ತಿಗೂ ಎಲ್ಲ ಔಷಧಿ ಅಂಗಡಿಯಲ್ಲೂ ಕೈಗೆಟುಕುವ ದರಕ್ಕೆ ಸಿಗುತ್ತದೆ. ಪ್ಲಾಸ್ಟಿಕ್ ತಿಂದ ಹಸುವಿನ ಎಡಪಕ್ಕೆಗೆ ಲಿಗ್ನೋಕೇನ್ ಕೊಟ್ಟು, ಹೊಟ್ಟೆ ಕೊಯ್ದು, ಮೊಳಕೈವರೆಗೆ ತೋಳು ಇಳಿಸಿ ಗಂಟುಗಂಟು ಕವರು, ಹಗ್ಗ, ಚೀಲ ಹೊರಗೆಳೆಯುತ್ತಿರುವಾಗ ಹಸು ನಿಂತ ಜಾಗದಲ್ಲೇ ಮುಂದಿದ್ದ ಹುಲ್ಲಿಗೆ ಬಾಯಿ ಹಾಕಿದ್ದನ್ನು ನೋಡಿದ್ದೇನೆ. ಹಳ್ಳಿಕಾರ್ ಎತ್ತಿಗೆ ಕೊಂಬಿನ ಕ್ಯಾನ್ಸರ್ ಬಂದಾಗ ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಮೂಳೆಯ ಏಣಿನ ಕೆಳಗೆ ಕೊಡುವ ಒಂದು ಸೂಜಿ ಆ ಕೊಂಬನ್ನು ಮರಗಟ್ಟಿಸುತ್ತದೆ. ಹತ್ತು ನಿಮಿಷ ಕಾದು, ಸೂಜಿಮೊನೆಯಿಂದ ಚುಚ್ಚಿ ನೋಡಿ, ಎತ್ತು ತಲೆ ಕೊಡವದಿದ್ದರೆ ಆಮೇಲೆ ಗರಗಸ. ಈ ಹತ್ತು ನಿಮಿಷ ಕಾಯುವುದೇ ನಮ್ಮವರಿಗೆ ಕಷ್ಟ. ಸೂಜಿ ತೆಗೆದ ಕೈಯಲ್ಲೇ ಗರಗಸ ಎತ್ತಿಕೊಳ್ಳುತ್ತಾರೆ. ಈಯಲಾಗದ ಮೇಕೆಯ ಹೊಟ್ಟೆ ಕೊಯ್ದು ಮರಿ ತೆಗೆಯುವಾಗಲೂ ಅಷ್ಟೇ, ಜೈಲಜಿನ್ ಮರಿಗೂ ದಾಟುತ್ತದೆ. ಪಕ್ಕೆಯನ್ನಷ್ಟೇ ಮರಗಟ್ಟಿಸಿದರೆ ಮರಿ ಹೊರಬಂದ ಕೂಡಲೇ ಕಿವಿ ಕೊಡವಿ ಕೂಗುತ್ತದೆ.

ಲಿಗ್ನೋಕೇನ್ ಎಂದ ಮಾತ್ರಕ್ಕೆ ಎಷ್ಟಾದರೂ ಕೊಡಬಹುದೆಂದಲ್ಲ. ಮೇಕೆಮರಿಯ ವಿಷಯದಲ್ಲಿ ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಎಂದು ಕೋರುತ್ತೇನೆ. ಕೆ.ಜಿ.ಗೆ ಐದು ಮಿ.ಗ್ರಾಂ. ಸುತ್ತಮುತ್ತ ನಿಲ್ಲಬೇಕು. ಅಂಗಡಿಯಲ್ಲಿ ಸಿಗುವ ಶೇ 2ರ ದ್ರಾವಣದಲ್ಲಿ ಒಂದು ಮಿ.ಲೀ.ಗೆ 20 ಮಿ.ಗ್ರಾಂ. ಇರುತ್ತದೆ. ಅಂದರೆ ನಾಲ್ಕು ಕೆ.ಜಿ. ಮರಿಗೆ ಎಲ್ಲ ಸೇರಿ ಒಂದೇ ಮಿ.ಲೀ.! ಹಲ್ಲಿನ ಡಾಕ್ಟರು ನಮಗೆ ಚುಚ್ಚುವ ಒಂದು ಸಣ್ಣ ಕೊಳವೆಯಲ್ಲೇ 1.8 ಮಿ.ಲೀ. ಇರುತ್ತದೆ. ಹಸುಕರುವಿಗೆ ಒಂದು ಕೊಂಬಿಗೆ ಮುಖ್ಯವಾಗಿ ಒಂದೇ ನರ, ಮೇಕೆಗೆ ಎರಡು. ಎರಡು ಕೊಂಬಿಗೆ ನಾಲ್ಕು ಕಡೆ ಚುಚ್ಚಬೇಕು. ಕಡೆಗೊಂದು ಮಿ.ಲೀ. ಎಂದು ಕರುವಿನ ಅಭ್ಯಾಸದಲ್ಲಿ ಕೊಟ್ಟರೆ ನಾಲ್ಕು ಪಟ್ಟಾಯಿತು. ಮರಿ ನಡುಗುತ್ತದೆ, ಸೆಟೆದು ಒದ್ದಾಡುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಅಷ್ಟೇ ಪ್ರಮಾಣದ ನೀರು ಬೆರೆಸಿ, ಅಂದರೆ ಇಂಜೆಕ್ಷನ್ನಿಗೆಂದೇ ಬರುವ ಶುದ್ಧ ನೀರು ಬೆರೆಸಿ, ಕಡೆಗೆ ಅರ್ಧ ಮಿ.ಲೀ. ಹಂಚಬೇಕು. ಬೀಜವನ್ನೂ ಅದೇ ದಿನ ಒಡೆಯುವುದಾದರೆ ಅಲ್ಲಿಗೆ ಕೊಡುವುದೂ ಇದೇ ಲೆಕ್ಕದೊಳಗೆ ಬರಬೇಕು. ನನ್ನನ್ನು ಕೇಳಿದರೆ ಎರಡನ್ನೂ ಒಂದೇ ದಿನ ಮಾಡಲೇಬೇಡಿ.

ಕೊಂಬು ಸುಡುವುದು ಬೇಕೇ ಎಂಬುದು ಅದಕ್ಕೂ ಮುಂಚಿನ ಪ್ರಶ್ನೆ. ಬಯಲಲ್ಲಿ ಮೇಯುವ ನಂದಿದುರ್ಗ, ಬೀದ್ರಿ ತಳಿಯಂಥ ಮೇಕೆಗಳಿಗೆ ಇದರ ಅಗತ್ಯ ನನಗೆ ಕಂಡಿಲ್ಲ. ಹಬ್ಬಕ್ಕೆ ಕೊಳ್ಳುವವರು ಕೊಂಬು ನೆಟ್ಟಗಿರುವ ಹೋತವನ್ನೇ ಹುಡುಕುತ್ತಾರೆ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವವರಿಗೆ ಬೇಕಾಗಬಹುದು. ಮಾಡಿಸುವುದಾದರೆ ಎಳೆಯದರಲ್ಲೇ, ಎರಡು ವಾರದೊಳಗೆ ಮಾಡಿಸಬೇಕು. ಮೇಕೆಮರಿಯ ತಲೆಬುರುಡೆ ಕರುವಿನದಕ್ಕಿಂತ ತೆಳ್ಳಗೆ, ಕಾದ ಕಬ್ಬಿಣ ಕೆಲವು ಸೆಕೆಂಡು ಹೆಚ್ಚು ಒತ್ತಿದರೂ ಮಿದುಳಿಗೆ ಬಿಸಿ ತಾಗುತ್ತದೆ. ಸುಡುವುದೇ ಬೇಡ, ಕೊಂಬಿಲ್ಲದ ಹೋತವನ್ನೇ ಬಿಟ್ಟುಕೊಂಡರಾಯಿತು ಎನ್ನುವ ಜಾಣರಿದ್ದಾರೆ. ಹಸುಗಳಲ್ಲಿ ಆ ಜಾಣತನ ನಡೆದೀತು. ಮೇಕೆಗಳಲ್ಲಿ ಕೊಂಬಿಲ್ಲದ್ದಕ್ಕೆ ಕೊಂಬಿಲ್ಲದ್ದನ್ನೇ ಕೂಡಿಸುತ್ತ ಹೋದರೆ ಹೆಣ್ಣುಮರಿಗಳಲ್ಲಿ ಕೆಲವು ಗಂಡಿನ ಲಕ್ಷಣ ಹೊತ್ತ ಬಂಜೆಗಳಾಗಿ ಹುಟ್ಟುತ್ತವೆ. ಎರಡು ಗುಣಗಳೂ ಒಂದೇ ಕಡೆ ಗಂಟು ಬಿದ್ದಿವೆ.

ಕೆಟಮಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೊಡ್ಡ ಆಪರೇಷನ್ನಿಗೆ ಅದು ಬೇಕು. ತಲೆಸುತ್ತು ರೋಗದ ಕುರಿಯ ಬುರುಡೆ ತೆರೆದು ಲಾಡಿಹುಳುವಿನ ನೀರುಗುಳ್ಳೆ ತೆಗೆಯುವಂಥ ಕೆಲಸಕ್ಕೆ ಜಾಗ ಮರಗಟ್ಟಿಸಿದರಷ್ಟೇ ಸಾಲದು. ಕೆಟಮಿನ್ ಕೊಟ್ಟ ಪ್ರಾಣಿಯ ಕಣ್ಣು ತೆರೆದೇ ಇರುತ್ತದೆ. ಅದು ತಿಳಿಯದವರು ಮತ್ತೇರಿಲ್ಲವೆಂದುಕೊಂಡು ಇನ್ನಷ್ಟು ಹಾಕುತ್ತಾರೆ. ಅದನ್ನು ಒಂದನ್ನೇ ಕೊಟ್ಟರೆ ಮೈ ಸಡಿಲವಾಗದೆ ಮರದ ಹಾಗೆ ಬಿಗಿಯುವುದರಿಂದ ಇನ್ನೊಂದು ಔಷಧಿ ಜೊತೆಗಿರಬೇಕು. ಅಮಲಿಗಾಗಿ ದುರುಪಯೋಗವಾಗುತ್ತದೆಂದು ಸರ್ಕಾರ ಅದನ್ನು ಮಾದಕವಸ್ತು ಕಾಯ್ದೆಯ ಕೆಳಗೂ, ಔಷಧ ನಿಯಮಗಳ ಎಕ್ಸ್ ಪಟ್ಟಿಗೂ ಸೇರಿಸಿದೆ. ಬೇರೆ ರಿಜಿಸ್ಟರು, ಎರಡು ಪ್ರತಿ ಚೀಟಿ. ಸರಿಯಾದ ಕ್ರಮವೇ. ಆದರೆ ಆ ರಗಳೆಗೆ ಹೆದರಿ ತಾಲ್ಲೂಕು ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟರೆ ಎಲ್ಲ ಕೆಲಸಕ್ಕೂ ಕೈ ಹೋಗುವುದು ಜೈಲಜಿನ್ ಒಂದಕ್ಕೇ.

ಸೂಜಿ ಹಿಡಿಯುವವರ ಕ್ಷೇಮವೂ ಮುಖ್ಯ. ಮೇಕೆ ಕೊಸರಿಕೊಂಡಾಗ ಹಿಡಿದವನ ತೊಡೆಗೋ ಅಂಗೈಗೋ ಸೂಜಿ ಹೊಕ್ಕುವುದು ದೊಡ್ಡ ಮಾತಲ್ಲ. ಜೈಲಜಿನ್ ಮನುಷ್ಯನ ಮೈ ಸೇರಿದರೆ ಎದೆಬಡಿತ ಕುಸಿಯುತ್ತದೆ, ಮನುಷ್ಯರಿಗೆಂದು ಒಪ್ಪಿತವಾದ ಮಾರುಮದ್ದು ಅದಕ್ಕಿಲ್ಲ. ಮನೆಯ ಮಕ್ಕಳ ಕೈಲಿ ಮೇಕೆ ಹಿಡಿಸುವವರು ಇದನ್ನು ಯೋಚಿಸಲಿ.

ಮತ್ತಿಳಿದ ಮೇಲಿನ ನೋವಿಗೂ ಔಷಧಿ ಬೇಕು. ಅಲ್ಲೂ ಒಂದು ಗಂಡಾಂತರವಿದೆ. ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಕೊಟ್ಟ ಜಾನುವಾರು ಸತ್ತರೆ ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ಮೂರು ಜಾತಿಯ ರಣಹದ್ದುಗಳು ಶೇ 95ಕ್ಕಿಂತ ಹೆಚ್ಚು ನಾಶವಾದದ್ದು ಹಾಗೆಯೇ. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಮನುಷ್ಯರ ದೊಡ್ಡ ಬಾಟಲಿಯೇ ಕೊಟ್ಟಿಗೆಗೆ ಬರತೊಡಗಿದಾಗ 2015ರಲ್ಲಿ ಆ ಬಾಟಲಿಗೂ ಕಡಿವಾಣ ಹಾಕಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಎಂಬ ನೋವಿನ ಔಷಧಿಗಳೂ ಪಶುಗಳಿಗೆ ನಿಷೇಧವಾದವು. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದಿನ ಧಾಮವಿದೆ. ನಮ್ಮ ತುಮಕೂರಿನಿಂದ ಹದ್ದಿನ ರೆಕ್ಕೆಗೆ ಅದೇನು ದೂರವಲ್ಲ. ಮೆಲಾಕ್ಸಿಕ್ಯಾಮ್ ಹದ್ದಿಗೂ ಸುರಕ್ಷಿತ, ಕುರಿ ಮೇಕೆಗೂ ಒಳ್ಳೆಯದು. ಹೆಸರು ಕೇಳಿ ತೆಗೆದುಕೊಳ್ಳಿ.

ಇನ್ನು ಇಲಾಖೆಗೆ ನನ್ನ ಬೇಡಿಕೆ. ದೊಡ್ಡ ಯೋಜನೆಯೇನೂ ಬೇಡ. ಪ್ರತಿ ಪಶು ಚಿಕಿತ್ಸಾಲಯಕ್ಕೂ, 1962ರ ಪ್ರತಿ ಗಾಡಿಗೂ ಒಂದು ಕೊಕ್ಕೆಯ ಡಿಜಿಟಲ್ ತಕ್ಕಡಿ ಕೊಡಿ. ಸಾವಿರ ರೂಪಾಯಿ ಆಸುಪಾಸಿನ ಸಾಮಾನು. ಜೊತೆಗೆ ಇನ್ಸುಲಿನ್ ಸಿರಿಂಜಿನ ಡಬ್ಬಿ. ಜೈಲಜಿನ್ ಸರಬರಾಜು ಮಾಡುವಾಗಲೆಲ್ಲ ಅದರ ಮತ್ತನ್ನು ಇಳಿಸುವ ಯೋಹಿಂಬಿನ್ ಎಂಬ ಔಷಧಿ ಕೂಡ ಅದೇ ಇಂಡೆಂಟಿನಲ್ಲಿ ಬರಲಿ. ಒಂದು ಬಂದು ಇನ್ನೊಂದು ಬಾರದಿದ್ದರೆ ಮೊದಲನೆಯದನ್ನೂ ವಾಪಸ್ ಕಳಿಸುವ ಅಧಿಕಾರ ಡಾಕ್ಟರಿಗಿರಲಿ. 100 ಮಿ.ಗ್ರಾಂ. ಸೀಸೆ ಕುದುರೆ ಇಲ್ಲದ ತಾಲ್ಲೂಕಿಗೆ ಯಾಕೆ ಬರಬೇಕು? ಮತ್ತಿನ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು, ಎಷ್ಟು ದಿನ ಪ್ರಾಣಿಯನ್ನು ಕಟುಕರಿಗೆ ಮಾರಬಾರದು ಎಂದು ಚೀಟಿಯಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಬಾಯಲ್ಲಿ ಹೇಳಿದ್ದು ಸಂತೆ ದಿನ ಯಾರಿಗೂ ನೆನಪಿರುವುದಿಲ್ಲ. ಪಶುವೈದ್ಯಕೀಯ ಪರೀಕ್ಷಕರಿಗೆ ಲಿಗ್ನೋಕೇನ್ ಹಾಕುವ ತರಬೇತಿಯನ್ನು ಜಿಲ್ಲಾ ಮಟ್ಟದಲ್ಲಿ ಕೊಟ್ಟು, ಡಾಕ್ಟರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸಿದರೆ ಊರೂರು ತಿರುಗುವ ಸೂಜಿಯವರ ವ್ಯಾಪಾರ ತಾನಾಗಿ ಇಳಿಯುತ್ತದೆ.

ನಿಮಗೂ ಒಂದು ಕೋರಿಕೆ, ಸಂಪಾದಕರೇ. ಆ ಲೇಖನವನ್ನು ಓದಿ ಈಗಾಗಲೇ ಮೂರು ಜನ ನನ್ನ ಹತ್ತಿರ ಸೀಸೆಯ ಹೆಸರು ಬರೆಸಿಕೊಳ್ಳಲು ಬಂದರು, ಬರಿಗೈಯಲ್ಲಿ ಕಳಿಸಿದೆ. ಮುಂದಿನ ಕೃಷಿ ಪುಟದಲ್ಲಿ ಒಂದು ಚೌಕಟ್ಟು ಹಾಕಿ: ಕೊಂಬು ಸುಡಿಸುವವರು, ಬೀಜ ಒಡೆಸುವವರು ಮೊದಲು 1962ಕ್ಕೆ ಫೋನ್ ಮಾಡಿ, ಡಾಕ್ಟರು ಬರುವ ಹೊತ್ತಿಗೆ ಮರಿಯನ್ನು ತೂಗಿ ತೂಕವನ್ನು ಚೀಟಿಯಲ್ಲಿ ಬರೆದಿಟ್ಟಿರಿ ಎಂದು. ಲೇಖನ ಬರೆದವರಿಗೆ ಬೇಕಿದ್ದರೆ ಪಟ್ಟಿ ಮಾಡಿಕೊಡಲು ನಾನು ಸಿದ್ಧ. ವಿಳಾಸ ಲಕೋಟೆಯ ಮೇಲಿದೆ, ಅದನ್ನು ಮಾತ್ರ ಅಚ್ಚು ಹಾಕಬೇಡಿ.

ಇತಿ,
ಒಬ್ಬ ನಿವೃತ್ತ ಪಶುವೈದ್ಯಾಧಿಕಾರಿ
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ